ಬಿಸಿಲಿದ್ದರೂ ಕಾರು ಚಾರ್ಜ್ ಆಗುತ್ತಿಲ್ವಾ? ಸೋಲಾರ್ ಜೊತೆಗಿನ ಮನೆ ಚಾರ್ಜರ್‌ನ ತೊಂದರೆ ಹುಡುಕುವ ಬಗೆ

ಮಧ್ಯಾಹ್ನದ ಉರಿಬಿಸಿಲು. ಸೋಲಾರ್ ಆ್ಯಪ್ ನೋಡಿದರೆ 3 ಕಿಲೋವ್ಯಾಟ್ ಬರುತ್ತಿದೆ. ಕಾರಿಗೆ ಗನ್ (ಚಾರ್ಜಿಂಗ್ ಕೇಬಲ್ ತುದಿಯ ಪ್ಲಗ್) ಸಿಕ್ಕಿಸಿ ಅರ್ಧ ಗಂಟೆ ಆಯಿತು, ಚಾರ್ಜರ್ ಮಾತ್ರ ‘ಬಿಸಿಲಿಗೆ ಕಾಯುತ್ತಿದೆ’ ಅಂತ ತೋರಿಸುತ್ತಾ ಸುಮ್ನೆ ಕೂತಿದೆ. ಓದುಗರಿಂದ ಹೆಚ್ಚು ಬರುವ ಪ್ರಶ್ನೆ ಇದೇ. ಇದರ ಉಲ್ಟಾ ಕೂಡ ಬರುತ್ತದೆ: ಹಗಲು ಚಾರ್ಜ್ ಆಗಲ್ಲ, ರಾತ್ರಿ ತಾನಾಗೇ ಶುರುವಾಗುತ್ತದೆ! ಇನ್ನು ಕೆಲವರಿಗೆ ಐದೈದು ನಿಮಿಷಕ್ಕೆ ‘ಟಕ್’ ಅಂತ ನಿಂತು ಮತ್ತೆ ಶುರುವಾಗುವ ಕಾಟ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ದೂರುಗಳಲ್ಲಿ ಚಾರ್ಜರ್ ಪೆಟ್ಟಿಗೆ ಕೆಟ್ಟಿರುವುದು ಕಡಿಮೆ. ಅದಕ್ಕೆ ಸಿಗುತ್ತಿರುವ ಲೆಕ್ಕ ತಪ್ಪಿರುತ್ತದೆ, ಇಲ್ಲವೇ ಕಾರು, ಮನೆ ಬ್ಯಾಟರಿ, ಚಾರ್ಜರ್ ಮೂರೂ ಬೇರೆ ಬೇರೆ ತೀರ್ಮಾನ ಮಾಡುತ್ತಿರುತ್ತವೆ. ಹಾಗಾಗಿ ಪೆಟ್ಟಿಗೆ ಬದಲಾಯಿಸುವ ಮೊದಲು ಕೆಳಗಿನ ಹಂತಗಳನ್ನು ಕ್ರಮವಾಗಿ ನೋಡಿ. ಕ್ರಮ ತಪ್ಪಿಸಬೇಡಿ, ಒಂದರ ಉತ್ತರ ಮುಂದಿನದಕ್ಕೆ ಬೇಕಾಗುತ್ತದೆ.

ಏನೇನು ಬೇಕು

ಚಾರ್ಜರ್, ಸೋಲಾರ್ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಮತ್ತು ಕಾರಿನ ಆ್ಯಪ್‌ಗಳು. ಒಂದು ದೊಡ್ಡ ಲೋಡ್, ಅಂದರೆ 2,000 ವ್ಯಾಟ್‌ನ ಹೀಟರ್ ಅಥವಾ ಗೀಸರ್. ಬರೆದುಕೊಳ್ಳಲು ಪೆನ್ನು, ಹಾಳೆ. ಜೊತೆಗೆ ಒಂದು ಬಿಸಿಲಿನ ಮಧ್ಯಾಹ್ನ, ಒಂದು ರಾತ್ರಿ. ಸ್ಕ್ರೂಡ್ರೈವರ್ ಬೇಡ. ಇಲ್ಲಿ ನೀವು ಮಾಡುವ ಎಲ್ಲ ಪರೀಕ್ಷೆಯೂ ಬೋರ್ಡಿನ ಮುಚ್ಚಳ ತೆಗೆಯದೆ ಆಗುತ್ತದೆ.

ಮೊದಲು ಎಚ್ಚರಿಕೆ: ಮೇನ್ ಸ್ವಿಚ್ ಆಫ್ ಮಾಡಿದರೆ ಎಲ್ಲ ಸತ್ತುಹೋಯಿತು ಅಂದುಕೊಳ್ಳಬೇಡಿ. ಬೆಳಕಿರುವವರೆಗೂ ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ಡಿಸಿ ವೈರಿನಲ್ಲಿ ನೂರಾರು ವೋಲ್ಟ್ ಇದ್ದೇ ಇರುತ್ತದೆ. ಮುಚ್ಚಳ ತೆಗೆಯುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಸುಟ್ಟ ವಾಸನೆ, ಗನ್ನಿನ ಪಿನ್ ಕಂದು ಬಣ್ಣಕ್ಕೆ ತಿರುಗಿರುವುದು, ಕೈ ಇಡಲಾಗದಷ್ಟು ಬಿಸಿ ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಚಾರ್ಜರ್‌ನ ಎಂಸಿಬಿ (ಬೋರ್ಡಿನಲ್ಲಿರುವ, ಕರೆಂಟ್ ಜಾಸ್ತಿಯಾದರೆ ತಾನಾಗೇ ಬೀಳುವ ಸ್ವಿಚ್) ಆಫ್ ಮಾಡಿ.

ಸ್ವಲ್ಪ ಹಿನ್ನೆಲೆ

ಗೋಡೆ ಮೇಲಿರುವ ಪೆಟ್ಟಿಗೆಯನ್ನು ನಾವು ಚಾರ್ಜರ್ ಅನ್ನುತ್ತೇವೆ. ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ, ಎಸಿ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವುದು ಅದೇ. ಗೋಡೆಯ ಪೆಟ್ಟಿಗೆ ಗನ್ನಿನಲ್ಲಿರುವ ಒಂದು ಸಣ್ಣ ಸಿಗ್ನಲ್ ವೈರಿನ ಮೂಲಕ ‘ನೀನು ಇಷ್ಟು ಆಂಪಿಯರ್‌ವರೆಗೆ ಎಳೆಯಬಹುದು’ ಅಂತ ಕಾರಿಗೆ ಹೇಳುತ್ತದೆ, ಅಷ್ಟೇ. ಆ ಮಿತಿಯೊಳಗೆ ಎಷ್ಟು ಎಳೆಯಬೇಕು ಅನ್ನುವುದು ಕಾರಿಗೆ ಬಿಟ್ಟದ್ದು.

ಸೋಲಾರ್ ಮೋಡ್‌ನಲ್ಲಿ ಪೆಟ್ಟಿಗೆ ಈ ಮಿತಿಯನ್ನು ಆಗಾಗ ಬದಲಿಸುತ್ತದೆ. ಮನೆ ಬಳಕೆ ಕಳೆದು ಎಷ್ಟು ಕರೆಂಟ್ ಹೊರಗಿನ ಲೈನಿಗೆ ಹೋಗುತ್ತಿದೆ ಅಂತ ನೋಡಿ, ಅಷ್ಟನ್ನು ಕಾರಿಗೆ ತಿರುಗಿಸುತ್ತದೆ. ಅದನ್ನು ಅಳೆಯುವುದು ಸಿಟಿ ಕ್ಲಾಂಪ್. ಮೇನ್ ವೈರಿನ ಸುತ್ತ ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚಿಕೊಂಡಿರುವ ಸಣ್ಣ ಕಪ್ಪು ಉಂಗುರ ಅದು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಸಲ ಬರುತ್ತದೆ.

1. ಸೋಲಾರ್ ಮೋಡ್ ಆಫ್ ಮಾಡಿ ನೋಡಿ

ಚಾರ್ಜರ್ ಆ್ಯಪ್‌ನಲ್ಲಿ ಫಾಸ್ಟ್ ಮೋಡ್ ಅಥವಾ ನಾರ್ಮಲ್ ಮೋಡ್ ಅಂತ ಇರುತ್ತದೆ. ಅದಕ್ಕೆ ಹಾಕಿ, ಹತ್ತು ನಿಮಿಷ ಬಿಡಿ.

ಚೆನ್ನಾಗಿ ಚಾರ್ಜ್ ಆಯಿತಾ? ಹಾಗಿದ್ದರೆ ಕಾರು, ಗನ್, ಕೇಬಲ್ ಎಲ್ಲ ಸರಿ ಇವೆ. ತೊಂದರೆ ಇರುವುದು ಸೋಲಾರ್ ಲೆಕ್ಕದಲ್ಲಿ, ನೇರ 3ನೇ ಹಂತಕ್ಕೆ ಹೋಗಿ. ಇಲ್ಲೂ ಚಾರ್ಜ್ ಆಗಲಿಲ್ಲ ಅಂದರೆ ಸೋಲಾರ್ ಸೆಟ್ಟಿಂಗ್ ಮುಟ್ಟಲೇಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಷ್ಟು ಸಣ್ಣ ಪರೀಕ್ಷೆ ಬಿಟ್ಟು ವಾರಗಟ್ಟಲೆ ಸೆಟ್ಟಿಂಗ್ ತಿರುಗಿಸುತ್ತಾ ಕೂರುವವರು ಬಹಳ ಜನ ಇದ್ದಾರೆ.

2. ಫಾಸ್ಟ್ ಮೋಡ್‌ನಲ್ಲೂ ಆಗದಿದ್ದರೆ

ಮೊದಲು ಕಾರಿನ ಸ್ಕ್ರೀನ್ ನೋಡಿ. ಚಾರ್ಜಿಂಗ್ ಟೈಮರ್ ಹಾಕಿಟ್ಟು ಮರೆತಿರಬಹುದು. ಕಾರಿನಲ್ಲಿ ‘ರಾತ್ರಿ 11ರ ನಂತರ’ ಅಂತಲೂ ಚಾರ್ಜರ್‌ನಲ್ಲಿ ‘ಹಗಲು ಮಾತ್ರ’ ಅಂತಲೂ ಇದ್ದರೆ ಕಾರು ಯಾವತ್ತೂ ಚಾರ್ಜ್ ಆಗಲ್ಲ. ಟೈಮರ್ ಒಂದು ಕಡೆ ಮಾತ್ರ ಇರಲಿ. ಚಾರ್ಜರ್‌ನಲ್ಲಿ ಇಟ್ಟು ಕಾರಿನದ್ದು ತೆಗೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬ್ಯಾಟರಿ ಮಿತಿ 80 ಶೇಕಡಾಕ್ಕೆ ಇಟ್ಟಿದ್ದು, ಕಾರು ಈಗಾಗಲೇ 80ರಲ್ಲಿ ನಿಂತಿರುವುದೂ ಉಂಟು.

ಆಮೇಲೆ ಗನ್. ಪೂರ್ತಿ ಒಳಗೆ ಹೋಗಿ ಲಾಕ್ ಆಗುವ ಸದ್ದು ಕೇಳಬೇಕು. ಕಾರಿನ ಸಾಕೆಟ್ಟಿನೊಳಗೆ ಧೂಳು, ನೀರು, ಬಗ್ಗಿದ ಪಿನ್ ಇದೆಯಾ ಅಂತ ಟಾರ್ಚ್ ಹಿಡಿದು ಕಣ್ಣಲ್ಲೇ ನೋಡಿ, ಏನನ್ನೂ ತೂರಿಸಬೇಡಿ.

ಬೋರ್ಡಿನಲ್ಲಿ ಏನಾದರೂ ಟ್ರಿಪ್ ಆಗಿದ್ದರೆ ಯಾವುದು ಅನ್ನುವುದು ಮುಖ್ಯ. ಎಂಸಿಬಿ ಬಿದ್ದಿದ್ದರೆ ಕರೆಂಟ್ ಜಾಸ್ತಿ ಎಳೆದಿದೆ ಎಂದರ್ಥ, ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಇದರ ವಿವರ 8ನೇ ಹಂತದಲ್ಲಿದೆ.

‘7 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದೆ, ಕಾರು ಬರೀ 3.3 ಎಳೆಯುತ್ತಿದೆ’ ಅನ್ನುವುದು ತೊಂದರೆಯಲ್ಲ. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟ್‌ನದ್ದಾದರೆ ಗೋಡೆ ಮೇಲೆ ಏನೇ ಕೂರಿಸಿದರೂ ಅಷ್ಟೇ.

3. ಬಿಸಿಲು ಸಾಕಾಗುತ್ತಿದೆಯಾ? 6 ಆಂಪಿಯರ್ ಲೆಕ್ಕ

ಎಸಿ ಚಾರ್ಜಿಂಗ್‌ಗೆ ಐಇಸಿ 61851 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಪೆಟ್ಟಿಗೆ ಕಾರಿಗೆ ಹೇಳಬಹುದಾದ ಕನಿಷ್ಠ ಮಿತಿ 6 ಆಂಪಿಯರ್. 4 ಆಂಪಿಯರ್ ಮಿಕ್ಕಿದೆ, ಅಷ್ಟನ್ನೇ ತಗೋ ಅನ್ನಲು ಅದಕ್ಕೆ ದಾರಿಯೇ ಇಲ್ಲ. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ 6 ಆಂಪಿಯರ್ ಅಂದರೆ 1,380 ವ್ಯಾಟ್. ಥ್ರೀ ಫೇಸ್ ಆದರೆ 4,140 ವ್ಯಾಟ್.

ಈಗ ಲೆಕ್ಕ ಹಾಕಿ. ಪ್ಯಾನೆಲ್‌ನಿಂದ 2,400 ವ್ಯಾಟ್ ಬರುತ್ತಿದೆ, ಮನೆಯಲ್ಲಿ ಫ್ರಿಜ್, ಫ್ಯಾನ್, ಪಂಪ್ ಸೇರಿ 1,200 ಓಡುತ್ತಿದೆ. ಮಿಕ್ಕಿದ್ದು 1,200. ಕಾರಿಗೆ ಬೇಕಾದದ್ದು 1,380. ಆ್ಯಪ್‌ನಲ್ಲಿ ಬಿಸಿಲು ಚೆನ್ನಾಗಿ ಕಂಡರೂ ಚಾರ್ಜರ್ ಕಾಯುತ್ತಲೇ ಇರುತ್ತದೆ. ಪಂಪ್ ಆಫ್ ಆದ ತಕ್ಷಣ ಶುರುವಾದರೆ ನಿಮ್ಮ ಚಾರ್ಜರ್ ಸರಿಯಾಗಿಯೇ ಇದೆ.

5 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದ್ದೇನೆ, ಸಾಲದಾ ಅಂತ ಕೇಳಬಹುದು. ಆ 5 ಅನ್ನುವುದು ಪ್ಯಾನೆಲ್‌ನ ಸೆಲ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ, ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುವಾಗ ಅಳೆದದ್ದು. ಛಾವಣಿ ಮೇಲೆ ಪ್ಯಾನೆಲ್ 60 ಡಿಗ್ರಿ ದಾಟುವುದು ಮಾಮೂಲು. ಒಂದೊಂದು ಡಿಗ್ರಿ ಏರಿದಾಗಲೂ ಉತ್ಪಾದನೆ ಸುಮಾರು 0.3ರಿಂದ 0.4 ಶೇಕಡಾ ಇಳಿಯುತ್ತದೆ. ಬಿಸಿಯಿಂದಲೇ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಧೂಳು, ನೆರಳು ಬೇರೆ.

4. ಸಿಟಿ ಕ್ಲಾಂಪ್ ಪರೀಕ್ಷೆ

ಮಿಕ್ಕ ಕರೆಂಟ್ ಸಾಕಷ್ಟಿದ್ದೂ ಚಾರ್ಜರ್ ಏಳುತ್ತಿಲ್ಲವೆಂದರೆ ನನ್ನ ಮೊದಲ ಅನುಮಾನ ಕ್ಲಾಂಪಿನ ಮೇಲೆಯೇ. ಇಲ್ಲಿ ಅವಸರ ಮಾಡಬೇಡಿ.

ರಾತ್ರಿ, ಸೋಲಾರ್ ಪೂರ್ತಿ ನಿಂತ ಮೇಲೆ, ಕಾರಿನ ಗನ್ ತೆಗೆದಿಡಿ. ಮನೆಯ ದೊಡ್ಡ ಉಪಕರಣಗಳನ್ನು ಆಫ್ ಮಾಡಿ. ಮನೆ ಬ್ಯಾಟರಿ ಇದ್ದರೆ ಅದನ್ನೂ ಆ್ಯಪ್‌ನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಹೀಟರ್‌ಗೆ ಅದೇ ಕರೆಂಟ್ ಕೊಟ್ಟು ಪರೀಕ್ಷೆ ಕೆಡಿಸುತ್ತದೆ. ಚಾರ್ಜರ್ ಆ್ಯಪ್‌ನಲ್ಲಿ ‘ಗ್ರಿಡ್’ ಅಂತ ಇರುವ ಸಂಖ್ಯೆ ಬರೆದುಕೊಳ್ಳಿ. ಗ್ರಿಡ್ ಅಂದರೆ ಹೊರಗಿನಿಂದ ಬರುವ ಲೈನು. ಈಗ 2,000 ವ್ಯಾಟ್ ಹೀಟರ್ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಹೊರಗಿನಿಂದ ತೆಗೆದುಕೊಳ್ಳುವ ಕಡೆಗೆ ಸುಮಾರು 2,000 ಏರಿರಬೇಕು.

ಏರದಿದ್ದರೆ, ಏನು ಕಂಡಿತು ಅನ್ನುವುದರಿಂದಲೇ ತಪ್ಪು ಎಲ್ಲಿದೆ ಅಂತ ತಿಳಿಯುತ್ತದೆ.

• ಸಂಖ್ಯೆ ಉಲ್ಟಾ ಹೋಗಿ, ನೀವು ಹೊರಗೆ ಕೊಡುತ್ತಿದ್ದೀರಿ ಅಂತ ತೋರಿಸಿದರೆ ಕ್ಲಾಂಪ್ ತಿರುಗುಮುರುಗಾಗಿ ಕೂತಿದೆ. ಅದರ ಮೈಮೇಲೆ ಒಂದು ಬಾಣದ ಗುರುತಿರುತ್ತದೆ, ಅದು ಯಾವ ಕಡೆ ನೋಡಬೇಕು ಅಂತ ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತದೆ. ‘ಹಗಲು ಚಾರ್ಜ್ ಆಗಲ್ಲ, ರಾತ್ರಿ ತಾನಾಗೇ ಆಗುತ್ತದೆ’ ಅನ್ನುವ ದೂರಿಗೆ ಕಾರಣ ಇದೇ. ರಾತ್ರಿ ಮನೆ ಬಳಕೆಯನ್ನೇ ಚಾರ್ಜರ್ ಮಿಕ್ಕ ಸೋಲಾರ್ ಅಂದುಕೊಳ್ಳುತ್ತದೆ. ಕಾರಿಗೆ ಕೊಟ್ಟಷ್ಟೂ ಮಿಕ್ಕಿದ್ದು ಇನ್ನೂ ಜಾಸ್ತಿ ಆದಂತೆ ಕಾಣುವುದರಿಂದ ಪೂರ್ತಿ ಮಿತಿಗೇ ಏರಿಬಿಡುತ್ತದೆ. ಕೆಲವು ಚಾರ್ಜರ್‌ಗಳಲ್ಲಿ ದಿಕ್ಕನ್ನು ಸೆಟ್ಟಿಂಗ್‌ನಲ್ಲೇ ಬದಲಿಸಬಹುದು, ಆಗ ಬೋರ್ಡ್ ತೆಗೆಯುವ ಕೆಲಸವೇ ಇಲ್ಲ.

• ಸಂಖ್ಯೆ ಅಲುಗಲೇ ಇಲ್ಲವೆಂದರೆ ಕ್ಲಾಂಪ್ ಬೇರೆ ವೈರಿನ ಮೇಲಿದೆ, ಅದರ ತಂತಿ ಬಿಟ್ಟುಹೋಗಿದೆ, ಅಥವಾ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಹಾಕಿದ್ದಾರೆ. ಹೋಗುವ ಕರೆಂಟ್, ಬರುವ ಕರೆಂಟ್ ಎರಡೂ ಒಂದೇ ಉಂಗುರದೊಳಗಿದ್ದರೆ ಉತ್ತರ ಸೊನ್ನೆ. ಕ್ಲಾಂಪ್ ಫೇಸ್ ವೈರಿನ ಮೇಲೆ ಮಾತ್ರ ಇರಬೇಕು.

• ಸರಿಯಾಗಿ ಅರ್ಧ ಅಥವಾ ಎರಡರಷ್ಟು ತೋರಿಸಿದರೆ ಕ್ಲಾಂಪಿನ ಅಳತೆಯನ್ನು ಸೆಟ್ಟಿಂಗ್‌ನಲ್ಲಿ ತಪ್ಪಾಗಿ ಕೊಟ್ಟಿದ್ದಾರೆ. 100 ಆಂಪಿಯರ್ ಕ್ಲಾಂಪನ್ನು 50 ಅಂತ ಹೇಳಿದ್ದರೆ ಎಲ್ಲವೂ ಅರ್ಧ ಕಾಣುತ್ತದೆ. ಇಷ್ಟು ನೇರ ಲೆಕ್ಕ ಸಿಗದೆ, ಸುಮ್ನೆ ಕಡಿಮೆ ತೋರಿಸುತ್ತಿದ್ದರೆ ಕ್ಲಾಂಪಿನ ಬಾಯಿ ಪೂರ್ತಿ ಮುಚ್ಚಿಲ್ಲ.

• ಥ್ರೀ ಫೇಸ್ ಮನೆಯಲ್ಲಿ 2,000 ವ್ಯಾಟ್ ಹೀಟರ್‌ಗೆ ಸುಮಾರು 1,000 ವ್ಯಾಟ್ ಉಲ್ಟಾ ದಿಕ್ಕಿನಲ್ಲಿ ಕಂಡರೆ ಕ್ಲಾಂಪ್‌ಗಳ ಫೇಸ್ ಅದಲುಬದಲಾಗಿದೆ. ಒಂದು ಫೇಸಿನ ಕರೆಂಟನ್ನು ಇನ್ನೊಂದು ಫೇಸಿನ ವೋಲ್ಟೇಜ್ ಜೊತೆ ಗುಣಿಸಿದರೆ ಹೀಗಾಗುತ್ತದೆ. ಎರಡರ ನಡುವೆ 120 ಡಿಗ್ರಿ ಅಂತರ ಇರುವುದರಿಂದ ಅರ್ಧದಷ್ಟು, ಅದೂ ಮೈನಸ್‌ನಲ್ಲಿ ಬರುತ್ತದೆ.

ಹೀಟರ್ ಪರೀಕ್ಷೆ ಪಾಸಾಯಿತಾ? ಇನ್ನೊಂದು ಬಾಕಿ ಇದೆ. ಗನ್ ಸಿಕ್ಕಿಸಿ, ಫಾಸ್ಟ್ ಮೋಡ್‌ನಲ್ಲಿ ಮಿತಿಯನ್ನು 6 ಆಂಪಿಯರ್‌ಗೆ ಇಳಿಸಿ ಚಾರ್ಜ್ ಶುರು ಮಾಡಿ. ಗ್ರಿಡ್ ಸಂಖ್ಯೆ ಸುಮಾರು 1,400 ಏರಬೇಕು. ಏರದಿದ್ದರೆ ಚಾರ್ಜರ್‌ನ ವೈರು ಕ್ಲಾಂಪ್‌ಗಿಂತ ಮೊದಲೇ, ಮೀಟರ್ ಕಡೆಯಿಂದ ಕವಲೊಡೆದಿದೆ. ಅಂದರೆ ತಾನು ಎಳೆಯುತ್ತಿರುವುದು ಚಾರ್ಜರ್‌ಗೇ ಕಾಣುತ್ತಿಲ್ಲ. ಮಿಕ್ಕಿದ್ದು ಹಾಗೇ ಇದೆ ಅಂದುಕೊಂಡು ಏರಿಸುತ್ತಲೇ ಹೋಗುತ್ತದೆ, ಹೊರಗಿನ ಕರೆಂಟೂ ಸೇರಿ ಬಿಲ್ಲು ಬೆಳೆಯುತ್ತದೆ. ಚಾರ್ಜರ್ ಅನ್ನು ಆಮೇಲೆ ಬೇರೆಯವರಿಂದ ಹಾಕಿಸಿದ ಮನೆಗಳಲ್ಲಿ ಇದನ್ನು ತಪ್ಪದೆ ನೋಡಿ.

ಎಚ್ಚರಿಕೆ: ಕ್ಲಾಂಪ್ ವೈರಿನ ಮೇಲಿದ್ದು ಕರೆಂಟ್ ಹರಿಯುತ್ತಿರುವಾಗ ಅದರ ಸಣ್ಣ ತಂತಿಗಳನ್ನು ಕಳಚಬಾರದು. ಕೆಲವು ಬಗೆಯ ಸಿಟಿಗಳಲ್ಲಿ ತುದಿ ಬಿಚ್ಚಿದಾಗ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ. ಎಲೆಕ್ಟ್ರಿಷಿಯನ್‌ಗೂ ಒಂದು ಮಾತು ನೆನಪಿಸಿ.

5. ಶುರುವಾಗುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ

ಮೋಡ ಓಡಾಡುವ ದಿನ ಮಿಕ್ಕ ಕರೆಂಟ್ 1,380 ವ್ಯಾಟ್‌ನ ಮೇಲೆ ಕೆಳಗೆ ಆಡುತ್ತಿರುತ್ತದೆ. ಪ್ರತಿಸಲ ಪೆಟ್ಟಿಗೆಯೊಳಗಿನ ರಿಲೇ, ಅಂದರೆ ಕಾರಿಗೆ ಕರೆಂಟ್ ಕೊಡುವ ಕಡಿಯುವ ಸ್ವಿಚ್, ‘ಟಕ್’ ಅನ್ನುತ್ತದೆ. ಇದರಿಂದ ರಿಲೇ ಸವೆಯುತ್ತದೆ. ಅದಕ್ಕಿಂತ ಕಿರಿಕಿರಿಯೆಂದರೆ, ಕೆಲವು ಕಾರುಗಳು ನಾಲ್ಕಾರು ಸಲ ಹೀಗಾದ ಮೇಲೆ ಬೇಸತ್ತು ಮಲಗಿಬಿಡುತ್ತವೆ. ಆಮೇಲೆ ಬಿಸಿಲು ಬಂದರೂ ಏಳುವುದಿಲ್ಲ, ಗನ್ ತೆಗೆದು ಮತ್ತೆ ಹಾಕಬೇಕು.

ಸೆಟ್ಟಿಂಗ್‌ನಲ್ಲಿ ಮೂರು ವಿಷಯ ಹುಡುಕಿ. ಶುರು ಮಾಡುವ ಮೊದಲು ಎಷ್ಟು ಹೊತ್ತು ಕಾಯಬೇಕು, ನಿಲ್ಲಿಸುವ ಮೊದಲು ಎಷ್ಟು ಹೊತ್ತು ತಾಳಬೇಕು, ಹೊರಗಿನಿಂದ ಎಷ್ಟು ವ್ಯಾಟ್ ಎಳೆದರೆ ಪರವಾಗಿಲ್ಲ. ನಿಲ್ಲಿಸುವ ಸಮಯವನ್ನು ಶುರು ಮಾಡುವ ಸಮಯಕ್ಕಿಂತ ಜಾಸ್ತಿ ಇಡಿ. ಹೊರಗಿನಿಂದ ಇನ್ನೂರು ಮುನ್ನೂರು ವ್ಯಾಟ್ ಎಳೆಯಲು ಬಿಟ್ಟರೆ ಈ ಆಟ ಬಹುಪಾಲು ನಿಲ್ಲುತ್ತದೆ.

ಹೊರಗಿನದ್ದು ಒಂದು ವ್ಯಾಟೂ ಬೇಡ ಅಂತ ಹಟ ಹಿಡಿಯುವವರಿಗೆ ಒಂದು ಮಾತು. ಕಾರು ಚಾರ್ಜ್ ಆಗುವಾಗ ಅದರ ಕಂಪ್ಯೂಟರ್, ಪಂಪ್ ಇತ್ಯಾದಿ ಎಚ್ಚರವಾಗಿರುತ್ತವೆ. 6 ಆಂಪಿಯರ್ ಆಗಲಿ 32 ಆಗಲಿ, ಆ ಖರ್ಚು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನಿಧಾನ ಚಾರ್ಜಿಂಗ್‌ನಲ್ಲಿ ವ್ಯರ್ಥವಾಗುವ ಪಾಲು ಜಾಸ್ತಿ. ಮೋಡದ ದಿನಗಳಲ್ಲಿ ದಿನವಿಡೀ ಕುಂಟುತ್ತಾ ಚಾರ್ಜ್ ಮಾಡುವುದಕ್ಕಿಂತ ಮಧ್ಯಾಹ್ನ ಎರಡು ಮೂರು ಗಂಟೆ ಗಟ್ಟಿಯಾಗಿ ಮಾಡುವುದು ಮೇಲು.

ಮೋಡವೇ ಇಲ್ಲದ ನಡುಹಗಲಲ್ಲಿ ಹೀಗಾಗುತ್ತಿದ್ದರೆ ಇನ್ವರ್ಟರ್‌ನ ಆ್ಯಪ್ ನೋಡಿ. ಸೋಲಾರ್ ಜಾಸ್ತಿ ಹೊರಹೋಗುವಾಗ ಮನೆಯ ವೋಲ್ಟೇಜ್ ಏರುತ್ತದೆ, ಮಿತಿ ದಾಟಿದರೆ ಇನ್ವರ್ಟರ್ ತಾನಾಗೇ ಕಳಚಿಕೊಳ್ಳುತ್ತದೆ. ಓವರ್‌ವೋಲ್ಟೇಜ್ ಅಂತ ಎರರ್ ದಾಖಲಾಗಿದ್ದರೆ ವಿಷಯವನ್ನು ಸೋಲಾರ್ ಹಾಕಿದವರ ಹತ್ತಿರ, ವಿದ್ಯುತ್ ಕಂಪನಿ ಹತ್ತಿರ ಮಾತಾಡಬೇಕು. ಚಾರ್ಜರ್ ಅಲ್ಲಿ ನಿರಪರಾಧಿ.

6. ಮನೆ ಬ್ಯಾಟರಿ ಇದ್ದರೆ

ಎರಡು ಬಗೆಯ ಜಗಳ ಆಗುತ್ತದೆ. ಹಗಲು ಮಿಕ್ಕ ಕರೆಂಟನ್ನೆಲ್ಲ ಬ್ಯಾಟರಿಯೇ ಮೊದಲು ನುಂಗುತ್ತದೆ, ಅದು ತುಂಬುವವರೆಗೆ ಕಾರಿಗೆ ಏನೂ ಸಿಗಲ್ಲ. ರಾತ್ರಿ ಕಾರು ಚಾರ್ಜ್‌ಗೆ ಹಾಕಿದರೆ ಬ್ಯಾಟರಿ ಅದನ್ನೂ ಮನೆ ಬಳಕೆ ಅಂದುಕೊಂಡು ತನ್ನಲ್ಲಿರುವುದನ್ನೆಲ್ಲ ಕಾರಿಗೆ ಸುರಿಯುತ್ತದೆ. ಬೆಳಿಗ್ಗೆ ನೋಡಿದರೆ ಮನೆ ಬ್ಯಾಟರಿ ಖಾಲಿ, ಕಾರೂ ಅರ್ಧಂಬರ್ಧ.

ಮೊದಲನೆಯದಕ್ಕೆ ಯಾವುದಕ್ಕೆ ಮೊದಲು ಕೊಡಬೇಕು ಅನ್ನುವ ಆಯ್ಕೆ ಚಾರ್ಜರ್ ಅಥವಾ ಇನ್ವರ್ಟರ್ ಆ್ಯಪ್‌ನಲ್ಲಿ ಇದೆಯಾ ನೋಡಿ. ಎರಡನೆಯದಕ್ಕೆ ಸುಲಭ ದಾರಿ, ಕಾರು ಚಾರ್ಜ್ ಆಗುವ ಗಂಟೆಗಳಲ್ಲಿ ಬ್ಯಾಟರಿ ಕರೆಂಟ್ ಕೊಡದಂತೆ ಟೈಮರ್ ಹಾಕುವುದು. ಬ್ಯಾಟರಿಗೂ ಅದರದ್ದೇ ಒಂದು ಕ್ಲಾಂಪ್ ಇರುತ್ತದೆ. ಚಾರ್ಜರ್ ಅದರ ಕಣ್ಣಿಗೆ ಬೀಳದಂತೆ ವೈರಿಂಗ್ ಬದಲಿಸಿದರೆ ಶಾಶ್ವತ ಪರಿಹಾರ, ಆದರೆ ಅದು ಎಲೆಕ್ಟ್ರಿಷಿಯನ್ ಕೆಲಸ. ಚಾರ್ಜರ್‌ನ ಕ್ಲಾಂಪಿಗೆ ಮಾತ್ರ ಎಲ್ಲವೂ ಕಾಣುತ್ತಿರಬೇಕು.

ಇಲ್ಲೇ ಇನ್ನೊಂದು ಪ್ರಶ್ನೆ ಮುಗಿಸಿಬಿಡೋಣ. ಕರೆಂಟ್ ಹೋದಾಗ ಬಿಸಿಲಿದ್ದರೂ ಕಾರು ಯಾಕೆ ಚಾರ್ಜ್ ಆಗಲ್ಲ? ಗ್ರಿಡ್ ಸತ್ತ ಕೂಡಲೇ ಸಾಮಾನ್ಯ ಸೋಲಾರ್ ಇನ್ವರ್ಟರ್ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಬ್ಯಾಕಪ್ ಇರುವ ಇನ್ವರ್ಟರ್ ಆದರೂ ಚಾರ್ಜರ್ ಅನ್ನು ಬ್ಯಾಕಪ್ ಲೈನಿಗೆ ಸೇರಿಸಬೇಡಿ, ಅಷ್ಟು ಲೋಡ್ ಅದು ತಡೆಯುವುದು ಕಷ್ಟ.

7. ಥ್ರೀ ಫೇಸ್ ಮತ್ತು ವೈ-ಫೈ

ಥ್ರೀ ಫೇಸ್ ಚಾರ್ಜರ್ 4,140 ವ್ಯಾಟ್ ಮಿಗುವವರೆಗೆ ಏಳುವುದೇ ಇಲ್ಲ. ಕೆಲವು ಚಾರ್ಜರ್‌ಗಳು ಬಿಸಿಲು ಕಡಿಮೆಯಾದಾಗ ಒಂದೇ ಫೇಸ್‌ಗೆ ಇಳಿಯಬಲ್ಲವು, ಆ ಸೌಲಭ್ಯ ಆನ್ ಆಗಿದೆಯಾ ನೋಡಿ. ಸೋಲಾರ್ ಒಂದು ಫೇಸಿನಲ್ಲಿ, ಕಾರು ಎಳೆಯುವುದು ಇನ್ನೊಂದರಲ್ಲಿ ಆಗಿದ್ದರೆ, ಚಾರ್ಜರ್ ಮೂರೂ ಫೇಸಿನ ಮೊತ್ತ ನೋಡುತ್ತಿದೆಯಾ ಅಥವಾ ಒಂದೊಂದನ್ನೂ ಬೇರೆ ನೋಡುತ್ತಿದೆಯಾ ಅನ್ನುವ ಸೆಟ್ಟಿಂಗ್ ಮುಖ್ಯ. ನಿಮ್ಮ ವಿದ್ಯುತ್ ಮೀಟರ್ ಹೇಗೆ ಎಣಿಸುತ್ತದೋ ಚಾರ್ಜರ್ ಕೂಡ ಹಾಗೇ ಎಣಿಸಬೇಕು.

ಕೆಲವು ಮನೆಗಳಲ್ಲಿ ಕ್ಲಾಂಪಿನ ಲೆಕ್ಕವನ್ನು ಬೇರೊಂದು ಸಣ್ಣ ಮೀಟರ್ ವೈ-ಫೈ ಮೂಲಕ ಚಾರ್ಜರಿಗೆ ಕಳಿಸುತ್ತದೆ. ಅಲ್ಲಿ ಗ್ರಿಡ್ ಸಂಖ್ಯೆ ಗಂಟೆಗಟ್ಟಲೆ ಒಂದೇ ಕಡೆ ಅಂಟಿಕೊಂಡಿದ್ದರೆ ಆ ಮೀಟರ್‌ನಿಂದ ಚಾರ್ಜರ್‌ಗೆ ಸುದ್ದಿ ಹೋಗುತ್ತಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಮೀಟರಿಗೆ ಹೊಸ ಐಪಿ ವಿಳಾಸ (ವೈ-ಫೈನಲ್ಲಿ ಅದನ್ನು ಗುರುತಿಸುವ ನಂಬರ್) ಕೊಟ್ಟಿರಬಹುದು, ಚಾರ್ಜರ್ ಹಳೆಯದರಲ್ಲೇ ಹುಡುಕುತ್ತಿರುತ್ತದೆ. ರೂಟರ್‌ನಲ್ಲಿ ಎರಡಕ್ಕೂ ವಿಳಾಸ ಕಾಯಂ ಮಾಡಿ. 5 ಗಿಗಾಹರ್ಟ್ಸ್ ವೈ-ಫೈ ಗೊತ್ತೇ ಇಲ್ಲದ, 2.4 ಮಾತ್ರ ಹಿಡಿಯುವ ಚಾರ್ಜರ್‌ಗಳು ಬಹಳ ಇವೆ.

8. ಟ್ರಿಪ್ ಆಗುತ್ತಿದ್ದರೆ

ಆರ್‌ಸಿಸಿಬಿ ಒಮ್ಮೆ ಬಿದ್ದರೆ ಗನ್ ತೆಗೆದು ಏರಿಸಿ ನೋಡಿ. ಗನ್ ಹಾಕಿದಾಗ ಮಾತ್ರ ಬಿದ್ದರೆ ಕೇಬಲ್ ಅಥವಾ ಕಾರಿನ ಕಡೆ ಸೋರಿಕೆ, ಗನ್ ಇಲ್ಲದೆಯೂ ಬಿದ್ದರೆ ಚಾರ್ಜರ್ ಅಥವಾ ವೈರಿಂಗ್. ಮಳೆ ಬಂದ ಮರುದಿನ ಮಾತ್ರ ಆಗುತ್ತಿದ್ದರೆ ನೀರು ಒಳಗೆ ಹೋಗಿದೆ. ಎರಡನೇ ಸಲ ಬಿದ್ದ ಮೇಲೆ ಏರಿಸುತ್ತಾ ಕೂರಬೇಡಿ.

ಎಲೆಕ್ಟ್ರಿಷಿಯನ್ ಬಂದಾಗ ಒಂದು ಕೇಳಿ: ಆರ್‌ಸಿಸಿಬಿ ಯಾವ ಟೈಪ್? ಕಾರಿನ ಕಡೆಯಿಂದ 6 ಮಿಲಿಆಂಪಿಯರ್‌ಗಿಂತ ಜಾಸ್ತಿ ಡಿಸಿ ಸೋರಿದರೆ ಸಾಮಾನ್ಯ ಆರ್‌ಸಿಸಿಬಿ ಕುರುಡಾಗಬಹುದು, ಬೀಳಬೇಕಾದಾಗ ಬೀಳದೇ ಇರಬಹುದು. ಅದಕ್ಕೇ ಚಾರ್ಜರ್‌ನೊಳಗೆ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದು ಬೋರ್ಡಿನಲ್ಲಿ ಟೈಪ್ ಎ ಇರಬೇಕು, ಇಲ್ಲವೇ ಟೈಪ್ ಬಿ ಹಾಕಬೇಕು. ಟೈಪ್ ಎಸಿ ಇದಕ್ಕೆ ಸಾಲದು.

ಎಂಸಿಬಿ ಒಂದು ಗಂಟೆ ಚಾರ್ಜ್ ಆದ ಮೇಲೆ ಬೀಳುತ್ತದೆ ಅಂದರೆ ಬಿಸಿಯ ವಿಷಯ. 32 ಆಂಪಿಯರ್ ಎಡೆಬಿಡದೆ ಹರಿಯುವ ಕಡೆ 32ರದ್ದೇ ಎಂಸಿಬಿ ಹಾಕಿದರೆ ಸೆಕೆಯ ದಿನ ಬೀಳುವ ಸಾಧ್ಯತೆ ಜಾಸ್ತಿ. ಹಾಗಂತ 40ರದ್ದು ತಂದು ಕೂರಿಸಿದರೆ ಆಗಲಿಲ್ಲ, ವೈರ್ ಅದನ್ನು ತಡೆಯುವಷ್ಟು ದಪ್ಪ ಇರಬೇಕು. ತಾತ್ಕಾಲಿಕವಾಗಿ ಚಾರ್ಜರ್ ಮಿತಿಯನ್ನು 25 ಆಂಪಿಯರ್‌ಗೆ ಇಳಿಸಿಡಿ.

ಚಾರ್ಜ್ ಆಗುವಾಗ ಆ್ಯಪ್‌ನಲ್ಲಿ ವೋಲ್ಟೇಜ್ ಕೂಡ ನೋಡಿ. ಶುರುವಿನಲ್ಲಿ 230 ಇದ್ದದ್ದು ಪೂರ್ತಿ ಲೋಡಿನಲ್ಲಿ 205ಕ್ಕೆ ಕುಸಿದರೆ ಎಲ್ಲೋ ವೈರು ಸಣ್ಣದಾಗಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಸಡಿಲ ಸ್ಕ್ರೂ ಇರುವ ಜಾಗವೇ ಕಾದು ಕರಗುವುದು. ಇದನ್ನು ನಾಳೆ ನೋಡೋಣ ಅಂತ ಬಿಡಬೇಡಿ.

9. ಸಹಾಯ ಕೇಳುವಾಗ

ಇಷ್ಟಾದರೂ ಬಗೆಹರಿಯದಿದ್ದರೆ ಕಂಪನಿಗೆ ಫೋನ್ ಮಾಡಿ ‘ಚಾರ್ಜ್ ಆಗ್ತಿಲ್ಲ’ ಅಂದರೆ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಅಷ್ಟೇ. ಫಾಸ್ಟ್ ಮೋಡ್‌ನಲ್ಲಿ ಏನಾಯಿತು, ಹೀಟರ್ ಪರೀಕ್ಷೆಯಲ್ಲಿ ಮೊದಲ ಮತ್ತು ನಂತರದ ಸಂಖ್ಯೆ, 6 ಆಂಪಿಯರ್ ಪರೀಕ್ಷೆಯ ಸಂಖ್ಯೆ, ತೊಂದರೆ ಆದ ದಿನ ಮತ್ತು ಗಂಟೆ, ಎರರ್ ಕೋಡ್‌ನ ಫೋಟೋ, ಚಾರ್ಜರ್ ಮತ್ತು ಕಾರಿನ ಸಾಫ್ಟ್‌ವೇರ್ ವರ್ಷನ್ ಎಲ್ಲ ಒಂದೇ ಮೆಸೇಜಿನಲ್ಲಿ ಕಳಿಸಿ. ಗಂಟೆ ಸರಿಯಾಗಿ ಬರೆದಿದ್ದರೆ ಅವರು ತಮ್ಮ ಸರ್ವರ್‌ನಲ್ಲಿರುವ ದಾಖಲೆಯನ್ನು ಅದೇ ಹೊತ್ತಿಗೆ ತೆಗೆದು ನೋಡಬಹುದು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಅಂದರೆ, ಮಾಡುವ ಮೊದಲು ಸೋಲಾರ್ ಸೆಟ್ಟಿಂಗ್ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಕ್ಲಾಂಪಿನ ದಿಕ್ಕು, ಅಳತೆ ಎರಡೂ ಮೊದಲಿನಂತೆಯೇ ಇವೆಯಾ ಅಂತ ಹೋಲಿಸಿ ನೋಡಿ.